ಬೇಲಿಗೂಟ ಹತ್ತಿದ ಸಾಕ್ಷಿ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಗಾಳಿಗೆ ಯಾವ ಕಡೆ ಬೀಸಬೇಕು ಅಂತ ಸರಿಯಾಗಿ ಗೊತ್ತಿರಲಿಲ್ಲ. ಒಂದೊಂದು ಮರವನ್ನೂ ಕೇಳಿಕೊಂಡು ಬೀಸುತ್ತಿತ್ತು. ಕತ್ತಲೆಯೂ ಅಷ್ಟೇ, ಬಾ ಅಂದರೆ ಬರುತ್ತಿತ್ತು, ಇರು ಅಂದರೆ ಗುಡ್ಡದ ಹಿಂದೆ ಕಾಯುತ್ತಿತ್ತು. ಬೇಲಿ ಅನ್ನುವ ಮಾತು ಇನ್ನೂ ಯಾರ ಬಾಯಲ್ಲೂ ಹುಟ್ಟಿರಲಿಲ್ಲ.

ಈಗ ನೀನು ಸೈಕಲ್ ಹೊಡೆಯುವ ಈ ಬೀದಿ ಇದೆಯಲ್ಲ, ಆ ಪಾರ್ಕು, ಹಾಲಿನ ಬೂತು, ಮೂಲೆಯ ಇಸ್ತ್ರಿ ಗಾಡಿ, ಇವೆಲ್ಲ ಇರುವ ಇದೇ ಇಳಿಜಾರಿನಲ್ಲಿ ಆಗ ಒಂದು ತೋಪು ಇತ್ತು. ಹೊಂಗೆ, ನೇರಳೆ, ಹುಣಸೆ ಎಲ್ಲ ಇದ್ದವು. ಎಲ್ಲದರ ನಡುವೆ ಒಂದು ಹಿಪ್ಪೆ ಮರ. ಅದರ ಬುಡ ಎಷ್ಟು ದಪ್ಪ ಅಂತ ಅಳೆಯೋಣವೆಂದರೆ ಆಗ ಅಲ್ಲಿ ಮನುಷ್ಯರೇ ಇರಲಿಲ್ಲ. ಅಳಿಲುಗಳೇ ಅಳೆದಿದ್ದವು. ಒಂದರ ಬಾಲ ಇನ್ನೊಂದು ಹಿಡಿದು ಸುತ್ತ ನಿಂತರೆ ನಲವತ್ತು ಅಳಿಲು ಬೇಕಾಗುತ್ತಿತ್ತು.

ಎಲ್ಲರೂ ಆ ಮರವನ್ನು ಹಿಪ್ಪಜ್ಜಿ ಅನ್ನುತ್ತಿದ್ದರು. ಹಿಪ್ಪಜ್ಜಿಗೆ ಕಿವಿ ಚುರುಕು, ಕಣ್ಣು ಮಾತ್ರ ಇಲ್ಲ. ಮರಗಳಿಗೆ ಕಣ್ಣು ಕೊಡುವ ಹೊತ್ತಿಗೆ ಕಣ್ಣುಗಳೆಲ್ಲ ಹಕ್ಕಿ ಹುಳುಗಳಿಗೇ ಮುಗಿದುಹೋಗಿದ್ದವಂತೆ. ತನ್ನ ಮೈಮೇಲೆ ಯಾರ್ಯಾರು ಮನೆ ಮಾಡಿದ್ದಾರೆ ಅಂತ ಅವಳಿಗೆ ಬೇರೆಯವರು ಹೇಳಿಯೇ ತಿಳಿಯಬೇಕು.

ಹೇಳುವವನು ಓತಿಕ್ಯಾತ.

ಆಗ ಅವನು ಎಳೆ ಎಲೆಯ ಬಣ್ಣಕ್ಕಿದ್ದ. ಕುತ್ತಿಗೆ ನೇರ, ಮುಖ ತಂಪು, ಸ್ವರ ಗಂಟೆಯ ಹಾಗೆ. ಉಳಿದವರಿಗೆಲ್ಲ ನೂರೆಂಟು ಕೆಲಸ. ಜೇನಿಗೆ ಹೂವು, ಅಳಿಲಿಗೆ ಕಾಯಿ, ಮರಕುಟಿಕನಿಗೆ ಕೊರೆಯುವುದು. ಓತಿಗೆ ಮಾತ್ರ ಒಂದೇ ಕೆಲಸ, ಕೂತು ನೋಡುವುದು. ಅವನು ಕಂಡದ್ದನ್ನು ಮರೆತವನಲ್ಲ. ಯಾವ ಗಾಳಿಗೆ ಯಾವ ಕೊಂಬೆ ಮುರಿಯಿತು, ಯಾವ ಪೊಟರೆಯನ್ನು ಯಾರ ಮುತ್ತಾತ ಕೊರೆದ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಗಿಳಿಗೂ ಗೊರವಂಕಕ್ಕೂ ಮನೆಜಗಳ ಬಂದರೆ ಅವನನ್ನು ಕರೆಸುತ್ತಿದ್ದರು. ಓತಿ ಸಾಕ್ಷಿ ಹೇಳಿದ ಮೇಲೆ ಜಗಳ ಮುಗಿಯುತ್ತಿತ್ತು.

ದಿನಾ ಸಂಜೆ, ಗುಡ್ಡದ ಹಿಂದೆ ಕತ್ತಲೆ ಬಂದು ನಿಂತಾಗ, ಹಿಪ್ಪಜ್ಜಿ ಕೇಳುತ್ತಿದ್ದಳು.

"ಓತಿ, ಇವತ್ತು ನನ್ನಲ್ಲಿ ಯಾರ್ಯಾರಿದ್ದಾರೆ, ಒಪ್ಪಿಸಪ್ಪ."

ಓತಿ ಒಪ್ಪಿಸುತ್ತಿದ್ದ. "ಬೇರಿನ ಸಂದಿಯಲ್ಲಿ ಕಪ್ಪೆ, ಒಂದು. ಮೊದಲ ಕವಲಲ್ಲಿ ಅಳಿಲು, ಮರಿ ನಾಲ್ಕು. ಪಡುವಣ ಕೊಂಬೆಯಲ್ಲಿ ಜೇನು, ಎಣಿಸೋಕಾಗಲ್ಲ. ಮೂಡಣ ಪೊಟರೆಯಲ್ಲಿ ಹಾಲಕ್ಕಿ, ಮರಿ ಎರಡು. ತುದಿಯಲ್ಲಿ ಗಾಳಿ."

"ಎಲ್ಲರೂ ಇದ್ದಾರಾ?"

"ಎಲ್ಲರೂ ಇದ್ದಾರೆ, ಅಜ್ಜಿ."

"ಹಾಗಾದ್ರೆ ಕತ್ತಲಾಗಲಿ."

ಆಮೇಲೆ ಕತ್ತಲಾಗುತ್ತಿತ್ತು. ಹಾಲಕ್ಕಿ, ಅದೇ ಆ ಗುಂಡು ಮುಖದ ಪುಟ್ಟ ಗೂಬೆ, ಕಣ್ಣುಜ್ಜಿಕೊಂಡು ಏಳುತ್ತಿತ್ತು. ಉಳಿದವರು ಮಲಗುತ್ತಿದ್ದರು.

ಓತಿಗೂ ಅಜ್ಜಿಗೂ ಬೇರೆಯದೇ ನಂಟು. ಓತಿಯ ಅಮ್ಮ ಹಿಪ್ಪಜ್ಜಿಯ ಬುಡದ ಮಣ್ಣಲ್ಲಿ ಮೊಟ್ಟೆ ಇಟ್ಟು ಹೋದವಳು ತಿರುಗಿ ನೋಡಲಿಲ್ಲ. ಓತಿಗಳ ಜಾತಿಯೇ ಹಾಗೆ. ಮೊಟ್ಟೆ ಒಡೆದು ಕಡ್ಡಿಯಷ್ಟೇ ಇದ್ದ ಮರಿ ಹೊರಗೆ ಬಂದಾಗ, ಕಾಗೆಯ ಕಣ್ಣಿಗೆ ಬೀಳದ ಹಾಗೆ ಎಲೆ ಉದುರಿಸಿ ಮುಚ್ಚಿದವಳು ಹಿಪ್ಪಜ್ಜಿ. ಕಣ್ಣಿಲ್ಲದೆಯೂ, ಬರೀ ಸಪ್ಪಳ ಕೇಳಿ ಮುಚ್ಚಿದ್ದಳು.

ಇಷ್ಟಿದ್ದೂ ಓತಿಗೆ ಒಳಗೊಂದು ಉರಿ ಇತ್ತು. ತನ್ನನ್ನು ಯಾರೂ ದೊಡ್ಡವನು ಅನ್ನಲಿಲ್ಲ ಅಂತ. ಜಗಳ ಬಿಡಿಸಿದರೆ ಗಿಳಿ ಅತ್ತ ಹಾರುತ್ತಿತ್ತು, ಗೊರವಂಕ ಇತ್ತ ಹಾರುತ್ತಿತ್ತು, ಬಾಯಿ ನೋವಾಯಿತಾ ಅಂತ ಕೇಳುವವರಿರಲಿಲ್ಲ. ಅಳಿಲಮ್ಮನಂತೂ ಬಾಯಿಬಡುಕಿ.

"ಕೂತು ತಿನ್ನೋನಿಗೆ ಬಾಯಿ ಕೆಲಸ ಬಿಟ್ಟರೆ ಇನ್ನೇನಿದೆ!" ಅಂತ ಅವನ ಎದುರಿಗೇ ಹೇಳಿ ನಗುತ್ತಿದ್ದಳು.

ಅವಳು ಹೇಳಿದ್ದು ತಮಾಷೆಗೆ. ಓತಿ ಅದನ್ನೂ ಮರೆಯಲಿಲ್ಲ. ಏನನ್ನೂ ಮರೆಯದವರ ಕಷ್ಟ ಅದು.

ಹೀಗಿರುವಾಗ ಮನುಷ್ಯರು ಬಂದರು.

ಯಾವುದೋ ಬತ್ತಿದ ಹೊಳೆಯ ಕಡೆಯಿಂದ ಬಂದ ಹತ್ತು ಮನೆಯವರು. ಹಸಿದು ಬಂದಿದ್ದರು, ಅದು ಸುಳ್ಳಲ್ಲ. ಅವರ ಯಜಮಾನ ಗೂಳಯ್ಯ. ಅವನ ತಾಯಿ ಮಾದವ್ವ. ಜೊತೆಗೊಂದು ಕೋಲೆ ಬಸವ, ಕೊಂಬಿಗೆ ಬಣ್ಣದ ಬಟ್ಟೆ, ಬೆನ್ನಿಗೆ ಗವಸು, ಕೊರಳಿಗೆ ಗೆಜ್ಜೆ.

ಆ ಜನರಲ್ಲಿ ಒಂದು ಕಟ್ಟಳೆ ಇತ್ತು. ಯಾವ ಮರಕ್ಕಾದರೂ ಕೊಡಲಿ ಇಡುವ ಮೊದಲು ಮನೆಯ ಹಿರಿಯಳು ಬುಡದಲ್ಲಿ ನಿಂತು ಮೂರು ಸಲ ಕೇಳಬೇಕು. ಉತ್ತರ ಬಂದರೆ ಆ ಮರ ಮುಟ್ಟಬಾರದು. ಮಾದವ್ವ ಕೇಳುತ್ತಿದ್ದಳು.

"ಯಾರವ್ವಾ ಇದ್ದೀರಿ ಈ ಮರದಾಗೆ? ಇದ್ರೆ ಓಗೊಡಿ, ಇಲ್ದಿದ್ರೆ ಅಪ್ಪಣೆ ಕೊಡಿ."

ಹೊಂಗೆ ಮರದಲ್ಲಿ ಕೇಳಿದಳು. ಅಳಿಲು ಚಿಕ್ ಚಿಕ್ ಅಂದಿತು. ಬಿಟ್ಟರು. ನೇರಳೆ ಮರದಲ್ಲಿ ಕೇಳಿದಳು. ಗೊರವಂಕ ಬಯ್ಯಿತು. ಬಿಟ್ಟರು. ಹುಣಸೆಯಲ್ಲಿ ಕೇಳಿದಳು. ಬಾವಲಿ ತಲೆಕೆಳಗಾಗಿಯೇ ಗೊಣಗಿತು. ಅದನ್ನೂ ಬಿಟ್ಟರು. ಬಿದ್ದ ಸೌದೆ ಆಯ್ದುಕೊಂಡರು, ಹುಲ್ಲಿನ ಗುಡಿಸಲು ಹಾಕಿಕೊಂಡರು. ಮಾಗಿ ಕಳೆದು ಹಿಪ್ಪಜ್ಜಿ ಹೂ ಬಿಟ್ಟಾಗ ನೆಲದ ತುಂಬ ಬಿದ್ದ ಹೂವನ್ನು ಹುರಿದು ತಿಂದರು. ಆಮೇಲೆ ಬೀಜ ಅರೆದು ದೀಪಕ್ಕೆ ಎಣ್ಣೆ ತೆಗೆದರು. ತಿಂದವರ ಮೈ ತುಂಬಿಕೊಂಡಿತು. ಹಿಪ್ಪಜ್ಜಿಗೆ ಅದನ್ನು ಕೇಳಿಯೇ ಖುಷಿ.

ಓತಿ ಸಂಜೆ ಒಪ್ಪಿಸುವ ಪಾಠ ಉದ್ದವಾಯಿತು. "ಬುಡದಲ್ಲಿ ಮಾದವ್ವ, ಗೂಳಯ್ಯ, ಬಸವ."

"ಅವರೂ ಇದ್ದಾರಾ?"

"ಅವರೂ ಇದ್ದಾರೆ, ಅಜ್ಜಿ."

"ಹಾಗಾದ್ರೆ ಕತ್ತಲಾಗಲಿ."

ಮೂರು ಮಳೆಗಾಲ ಹೀಗೇ ಚೆನ್ನಾಗಿ ಹೋಯಿತು. ಅಷ್ಟಕ್ಕೇ ಕತೆ ಮುಗಿದಿದ್ದರೆ ನಾನು ನಿನಗೆ ಹೇಳಬೇಕಾಗಿಯೇ ಇರಲಿಲ್ಲ.

ಗೂಳಯ್ಯನಿಗೆ ಹುಲ್ಲಿನ ಸೂರು ಸಾಕಾಯಿತು. ಹೊಟ್ಟೆ ತುಂಬಿದವನಿಗೆ ತೊಲೆ ಕಾಣಿಸುತ್ತದೆ. ಊರಿನಲ್ಲಿ ಯಾರಿಗೂ ಇಲ್ಲದಂಥ ದೊಡ್ಡ ತೊಲೆಯ ಮನೆ ತನಗೊಂದು ಬೇಕು ಅನ್ನಿಸಿತು. ಅಂಥ ತೊಲೆ ಕೊಡುವ ಮರ ತೋಪಿನಲ್ಲಿ ಒಂದೇ ಇತ್ತು. ಅವನು ದಿನಾ ಹಿಪ್ಪಜ್ಜಿಯ ಬುಡವನ್ನು ಕೈಯಲ್ಲಿ ಸವರುತ್ತಿದ್ದ. ಅಜ್ಜಿ ಅದನ್ನು ಪ್ರೀತಿ ಅಂದುಕೊಂಡಳು.

ಆದರೆ ಕಟ್ಟಳೆ ಅಡ್ಡ ಇತ್ತು. ತಾಯಿ ಕೇಳದೆ ಬಿಡುವವಳಲ್ಲ, ಮರ ಉತ್ತರ ಕೊಡದೆ ಇರುವುದಲ್ಲ. ಗೂಳಯ್ಯ ಯೋಚಿಸಿದ. ಯೋಚಿಸುತ್ತ ಕೂತವನ ಕಣ್ಣು ಓತಿಯ ಮೇಲೆ ಬಿತ್ತು.

ಓತಿಯ ಕಣ್ಣು ಆಗ ಬಸವನ ಮೇಲಿತ್ತು. ಅಕ್ಕಪಕ್ಕದ ಹಟ್ಟಿಗಳಿಂದ ಜನ ಬರುತ್ತಿದ್ದರು. ಗೂಳಯ್ಯ ಓಲಗ ಊದಿ ಕೇಳುತ್ತಿದ್ದ, "ಈ ಸಲ ಮಳೆ ಬತ್ತದೇನೋ ಬಸವಾ?" ಬಸವ ತಲೆ ಆಡಿಸುತ್ತಿತ್ತು. "ಈ ಅಮ್ಮನ ಮಗಳಿಗೆ ಮದುವೆ ಆಯ್ತದೇನೋ?" ಬಸವ ತಲೆ ಆಡಿಸುತ್ತಿತ್ತು. ಅಷ್ಟಕ್ಕೇ ಜನ ಕಾಲಿಗೆ ಬೀಳುತ್ತಿದ್ದರು, ಬೆಲ್ಲ ತಿನ್ನಿಸುತ್ತಿದ್ದರು, ಕೊಂಬಿಗೆ ಹೂ ಸುತ್ತುತ್ತಿದ್ದರು.

ಓತಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಬಸವ ಮೆಲುಕು ಹಾಕುತ್ತಿದ್ದಾಗ ಹತ್ತಿರ ಹೋಗಿ ಕೇಳಿದ.

"ಅಲ್ಲಪ್ಪ, ನಾನು ಇಷ್ಟು ಕಾಲದಿಂದ ಬಾಯಿ ನೋಯಿಸಿಕೊಂಡು ನಿಜ ಹೇಳ್ತಾ ಇದೀನಿ. ನನಗೆ ಯಾರೂ ಒಂದು ಹೂವು ಮುಡಿಸಲಿಲ್ಲ. ನೀನು ತಲೆ ಆಡಿಸ್ತೀಯ ಅಷ್ಟೆ. ಮಳೆ ಬರುತ್ತೆ ಅಂತ ನಿನಗೆ ಗೊತ್ತಾ?"

"ನಂಗೇನು ಗೊತ್ತು?" ಅಂದಿತು ಬಸವ.

"ಮತ್ತೆ ತಲೆ ಯಾಕೆ ಆಡಿಸ್ತೀಯ?"

ಬಸವ ಮೆಲುಕು ನಿಲ್ಲಿಸಿತು. ಮೂಗನ್ನು ಮೆಲ್ಲಗೆ ಮುಂದೆ ಚಾಚಿತು. ಮೂಗಿನ ಹೊಳ್ಳೆಯಲ್ಲಿ ಹಗ್ಗ ತೂರಿತ್ತು, ಸುತ್ತ ಹಳೆಯ ಗಾಯ ಕಪ್ಪಾಗಿತ್ತು.

"ಮೂಗುದಾರ ಎಳೀತಾರೆ, ಆಡಿಸ್ತೀನಿ. ನಿನಗೆ ಯಾರಪ್ಪ ಮೂಗುದಾರ ಹಾಕಿರೋರು? ಸುಮ್ನೆ ನಿನ್ನ ಮರಕ್ಕೆ ಹೋಗು."

ಓತಿ ಹೋದ. ಆದರೆ ಅವನ ಮನಸ್ಸು ಹಗ್ಗವನ್ನು ಬಿಟ್ಟು ಹೂವನ್ನು ಮಾತ್ರ ನೆನಪಿಟ್ಟುಕೊಂಡಿತು.

ಮಾರನೆಯ ದಿನ ಗೂಳಯ್ಯ ಒಂದು ಗೂಟ ತಂದ. ಹಿಪ್ಪಜ್ಜಿಯದೇ ಒಣಗಿ ಬಿದ್ದ ಕೊಂಬೆ, ನಯವಾಗಿ ಕೆತ್ತಿ ಚೂಪು ಮಾಡಿದ್ದು. ಅದನ್ನು ತೋಪಿನ ಅಂಚಿನಲ್ಲಿ ನೆಟ್ಟ.

"ಓತಪ್ಪಾ," ಅಂದ. ಅಲ್ಲಿಯವರೆಗೆ ಓತಿಗೆ ಯಾರೂ ಅಪ್ಪ ಸೇರಿಸಿರಲಿಲ್ಲ. "ನಿನ್ನಂಥ ಸಾಕ್ಷಿ ಸಿಕ್ಕಸಿಕ್ಕ ಕಡ್ಡಿ ಮ್ಯಾಲೆ ಕುಂತ್ಕೋಬಾರದು ಕಣಪ್ಪ. ಇದು ನಿನ್ನ ಪೀಠ. ಹತ್ತು."

ಓತಿ ಹತ್ತಿದ. ಎಲೆ ಅಡ್ಡ ಇಲ್ಲ, ಬಿಸಿಲು ಬೆನ್ನಿಗೆ ಹಿತವಾಗಿ ಬಿತ್ತು. ಎಲ್ಲರಿಗೂ ಅವನು ಕಾಣುತ್ತಿದ್ದ. ಗೂಳಯ್ಯ ಜನರನ್ನೆಲ್ಲ ಕರೆದು ಮುಂದೆ ಕೂರಿಸಿದ.

"ಓತಪ್ಪಾ, ಈ ತೋಪು ಬಲು ಹಳೇದು, ಹೌದೋ?"

ಓತಿ ಬಾಯಿ ತೆರೆದ. ತೋಪು ಎಷ್ಟು ಹಳೆಯದು, ಮೊದಲು ಬಂದ ಬೀಜ ಯಾವುದು, ತಂದ ಹಕ್ಕಿ ಯಾವುದು, ಎಲ್ಲ ಹೇಳಲು ಹೊರಟ.

"ಬಾಯಿ ಯಾಕೆ ನೋಯಿಸ್ಕೋತೀಯೋ ತಂದೆ?" ಅಂದ ಗೂಳಯ್ಯ. "ತಲೆ ಆಡ್ಸು, ಸಾಕು. ನಾವು ತಿಳ್ಕೋತೀವಿ."

ಓತಿ ತಲೆ ಆಡಿಸಿದ. ಜನ ಕೈ ಮುಗಿದರು. ಯಾರೋ ಒಬ್ಬಳು ಗೂಟದ ಬುಡಕ್ಕೆ ಹೂ ಇಟ್ಟಳು. ಓತಿಯ ಎದೆಯಲ್ಲಿ ಅಷ್ಟು ದಿನದ ಉರಿ ತಣ್ಣಗಾಯಿತು. ಅವನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ, ಆ ಒಂದು ಗಳಿಗೆಗೆ ಅವನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಅಲ್ಲಿಂದ ದಿನಕ್ಕೊಂದು ಗೂಟ ಬಂತು. ಈ ಗೂಟ ಇಲ್ಲಿ ಇರಬಹುದು ತಾನೆ? ತಲೆ ಆಡಿಸಿದ. ಎರಡು ಗೂಟದ ನಡುವೆ ಎರಡು ಮುಳ್ಳುಕಡ್ಡಿ ಇಟ್ಟರೆ ತಪ್ಪಿಲ್ಲ ತಾನೆ? ತಲೆ ಆಡಿಸಿದ. ಒಂದು ತಿಂಗಳಿಗೆ ತೋಪಿನ ಸುತ್ತ ಮುಳ್ಳು ಹಬ್ಬಿತು. ಲೋಕದ ಮೊದಲ ಬೇಲಿ ಹುಟ್ಟಿದ್ದು ಹಾಗೆ. ಒಂದು ದಿನ ಅಳಿಲಮ್ಮ ಕಾಯಿ ಕಚ್ಚಿಕೊಂಡು ಓಡಿ ಬಂದವಳು ಅದಕ್ಕೆ ಸಿಕ್ಕಿ ಮೂತಿ ಗೀರಿಸಿಕೊಂಡಳು.

"ಇದೇನೋ ಇದು ಓತಿ? ನಿನ್ನೆ ಇಲ್ಲಿ ದಾರಿ ಇತ್ತಲ್ಲೋ!"

ಓತಿ ಗೂಟದ ಮೇಲಿಂದ ಅವಳನ್ನು ನೋಡಿ ತಲೆ ಆಡಿಸಿದ. ಹೌದು ಅಂತಲೋ ಹೋಗು ಅಂತಲೋ ಅವಳಿಗೆ ಗೊತ್ತಾಗಲಿಲ್ಲ.

ಸಂಜೆಯ ಪಾಠ ಮೊಟಕಾಯಿತು. ಮೊದಲು ತಡವಾಗಿ ಬಂದ. ಆಮೇಲೆ ಅವಸರದಲ್ಲಿ ಒಪ್ಪಿಸಿದ. ಒಂದು ಸಂಜೆ ಹಿಪ್ಪಜ್ಜಿ "ಎಲ್ಲರೂ ಇದ್ದಾರಾ?" ಅಂದಾಗ, ಅಭ್ಯಾಸಬಲದಿಂದ ಬರೀ ತಲೆ ಆಡಿಸಿದ.

ಹಿಪ್ಪಜ್ಜಿ ಕಾದಳು. ಗುಡ್ಡದ ಹಿಂದೆ ಕತ್ತಲೆಯೂ ಕಾಯಿತು.

"ಓತಿ? ಇದ್ದೀಯಾ ಮಗ?"

"ಇದ್ದೀನಿ ಅಜ್ಜಿ. ಹೌದು ಅಂದೆನಲ್ಲ."

"ನನಗೆ ಕೇಳಿಸಲಿಲ್ಲ."

"ತಲೆ ಆಡಿಸಿದೆ."

"ನನಗೆ ಕಣ್ಣಿಲ್ಲ ಅಂತ ನಿನಗೆ ಗೊತ್ತಲ್ಲಪ್ಪ. ತಲೆ ಆಡಿಸಬೇಡ. ಬಾಯಿ ಬಿಟ್ಟು ಹೇಳು."

"ಆಯ್ತು ಬಿಡಜ್ಜಿ. ಎಲ್ಲರೂ ಇದ್ದಾರೆ," ಅಂದ ಓತಿ. ಅವನ ಸ್ವರ ಸ್ವಲ್ಪ ಒಡೆದಿತ್ತು. ಬಳಸದೆ ಇಟ್ಟದ್ದು ಏನಾದರೂ ಹಾಗೇ ಆಗುತ್ತದೆ.

ಬೇಸಿಗೆಯ ಮೊದಲ ಬಿಸಿಲು ಬಂತು. ಹಿಪ್ಪಜ್ಜಿಯ ಹೂವು ಬೀಳುತ್ತಿತ್ತು. ಗೂಳಯ್ಯ ಹಿಂದಿನ ದಿನವೇ ಪಡುವಣ ಕೊಂಬೆಗೆ ಹೊಗೆ ಹಾಕಿ ಜೇನು ಬಿಡಿಸಿದ್ದ. ಆರಿಸಿಕೊಂಡ ಹೊತ್ತು ನಡುಮಧ್ಯಾಹ್ನ. ಅಳಿಲುಗಳು ದೊಡ್ಡವಾಗಿದ್ದ ಮರಿಗಳನ್ನು ಕರೆದುಕೊಂಡು ಹುಣಸೆಗೆ ಹೋಗಿದ್ದವು. ಕಪ್ಪೆ ಆಳದ ಕೆಸರಿನಲ್ಲಿ ನಿದ್ದೆಗೆ ಇಳಿದಿತ್ತು. ಗಾಳಿ ಸತ್ತ ಹಾಗಿತ್ತು. ಪೊಟರೆಯಲ್ಲಿ ಹಾಲಕ್ಕಿ ಮರಿಗಳ ಮೇಲೆ ರೆಕ್ಕೆ ಹರವಿ ಹಗಲಿನ ನಿದ್ದೆಯಲ್ಲಿತ್ತು. ಆ ವರ್ಷದ ಎರಡು ಮರಿಗಳಿಗೆ ಇನ್ನೂ ಗರಿ ಬಲಿತಿರಲಿಲ್ಲ.

ಊರೆಲ್ಲ ಸೇರಿತು. ಮಾದವ್ವ ಬುಡದಲ್ಲಿ ನಿಂತಳು. ಅವಳಿಗೆ ಮನಸ್ಸಿರಲಿಲ್ಲ. ಆ ಮರದ ಹೂ ತಿಂದು ಅವಳ ಮೊಮ್ಮಕ್ಕಳು ಬದುಕಿದ್ದವು.

"ಯಾರವ್ವಾ ಇದ್ದೀರಿ ಈ ಮರದಾಗೆ?"

ಉತ್ತರ ಇಲ್ಲ. ಹಿಪ್ಪಜ್ಜಿ ತಾನೇ ಹೇಳಬಹುದಿತ್ತು. ಆದರೆ ಮರದಲ್ಲಿ ಯಾರಿದ್ದಾರೆ ಎಂದು ಹೇಳುವುದು ಓತಿಯ ಕೆಲಸ ಅಂತ ಅವಳು ಅವನಿಗೆ ಬಿಟ್ಟಳು. ಅವನ ಮೇಲೆ ಅಷ್ಟು ನಂಬಿಕೆ ಅವಳಿಗೆ.

"ಯಾರವ್ವಾ ಇದ್ದೀರಿ? ಇದ್ರೆ ಓಗೊಡಿ."

ಎರಡನೇ ಸಲವೂ ಉತ್ತರ ಇಲ್ಲ. ಮಾದವ್ವ ಮಗನ ಕಡೆ ತಿರುಗಿದಳು. "ಬ್ಯಾಡ ಕಣ್ಲಾ ಮಗ. ಇಷ್ಟು ದೊಡ್ಡ ಮರ ಖಾಲಿ ಇರಾಕಿಲ್ಲ. ಎಲ್ಲೋ ಮಲಗವೆ."

"ನಿಂಗೆ ಅನುಮಾನ ಇದ್ರೆ ಸಾಕ್ಷೀನೇ ಕೇಳವ್ವ," ಅಂದ ಗೂಳಯ್ಯ. "ಈ ಮರದ ಮೂಲೆ ಮೂಲೆ ಅವನಿಗೆ ಗೊತ್ತು."

ಮೂರನೇ ಸಲ ಕೇಳಲು ಮಾದವ್ವ ಗೂಟದ ಮುಂದೆ ಬಂದು ನಿಂತಳು. ಮುದುಕಿ ಸೆರಗು ಹೊದ್ದು ಓತಿಗೆ ಕೈ ಮುಗಿದಳು.

"ನೀನೇ ಹೇಳಪ್ಪ. ಮರದಾಗೆ ಯಾರೂ ಇಲ್ವಾ? ಖಾಲಿ ಮರವಾ?"

ಊರೆಲ್ಲ ಅವನನ್ನೇ ನೋಡುತ್ತಿತ್ತು. ಗೂಳಯ್ಯ ಹತ್ತಿರ ಬಂದು ಗೂಟದ ಮೇಲೆ ಕೈ ಇಟ್ಟ. ಗೂಟವನ್ನು ಮೆಲ್ಲಗೆ, ಕೀಳುವವನ ಹಾಗೆ, ಒಂದು ಸಲ ಅಲ್ಲಾಡಿಸಿದ.

ಇದನ್ನು ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಓತಿಗೆ ಗೊತ್ತಿತ್ತು. ಮೂಡಣ ಪೊಟರೆಯಲ್ಲಿ ಹಾಲಕ್ಕಿ, ಮರಿ ಎರಡು. ಆ ಮಾತು ಅವನ ನಾಲಿಗೆಯ ಮೇಲೇ ಇತ್ತು. ಇನ್ನೊಂದು ಸಲ ಆ ಮುರುಕು ಕಡ್ಡಿಗಳ ಮೇಲೆ ಕೂತು, ಅಳಿಲಮ್ಮನ ನಗು ಕೇಳಿಕೊಂಡು ಇರಬೇಕಲ್ಲ ಅನ್ನುವುದೂ ಅಲ್ಲೇ ಇತ್ತು.

ಓತಿ ತಲೆ ಆಡಿಸಿದ.

"ಆಯ್ತಲ್ಲ!" ಅಂದ ಗೂಳಯ್ಯ.

ಮೊದಲ ಏಟಿಗೆ ಹಿಪ್ಪಜ್ಜಿಗೆ ಏನಾಯಿತೆಂದೇ ತಿಳಿಯಲಿಲ್ಲ. ಮರಕುಟಿಕ ಇರಬೇಕು ಅಂದುಕೊಂಡಳು. ಹತ್ತನೇ ಏಟಿಗೆ ತಿಳಿಯಿತು. ಅವಳು ಕೂಗಾಡಲಿಲ್ಲ. ಯಾರು ಹೇಳಿದರು, ಯಾಕೆ ಹೇಳಿದರು ಅಂತ ಕೇಳಲಿಲ್ಲ. ಅವಳಿಗೆ ಅದಕ್ಕೆಲ್ಲ ಹೊತ್ತಿರಲಿಲ್ಲ. ಕೊಡಲಿಯ ಸದ್ದಿನಲ್ಲಿ ಅವಳ ಮಾತು ಜನಕ್ಕೆ ಕೇಳಿಸಲೂ ಇಲ್ಲ.

"ಓತಿ," ಅಂದಳು. "ಒಪ್ಪಿಸಪ್ಪ. ಯಾರ್ಯಾರಿದ್ದಾರೆ?"

ಓತಿ ಗೂಟದ ಮೇಲೆ ಎದ್ದು ನಿಂತ.

"ನಾನು ಹೇಗೂ ಬೀಳ್ತೀನಿ. ಯಾವ ಕಡೆ ಬೀಳಲಿ ಅಷ್ಟು ಹೇಳು. ಮರಿ ಇರೋ ಪೊಟರೆ ಯಾವ ಕಡೆ? ಮೂಡಣವೋ ಪಡುವಣವೋ? ಬಳಲಿಕೆಗೆ ಮರೆತುಹೋಗಿದೆ ಕಣೋ. ನೀನು ಹೇಳಿದರೆ ಆ ಕಡೆ ಬಿಟ್ಟು ಈ ಕಡೆ ಬೀಳ್ತೀನಿ."

ಓತಿ ಬಾಯಿ ತೆರೆದ. ಮೂಡಣ ಅನ್ನಬೇಕು. ಒಂದೇ ಮಾತು. ಇಷ್ಟು ತಿಂಗಳು ಮುಚ್ಚಿಟ್ಟ ಗಂಟಲಿನಿಂದ ಒಣ ಉಸಿರು ಬಂತು, ಮಾತು ಬರಲಿಲ್ಲ. ಮಾತು ಹುಡುಕುವಷ್ಟರಲ್ಲಿ ಕಲಿತ ಕುತ್ತಿಗೆ ಮುಂದಾಯಿತು.

"ಮೂಡಣವಾ ಮಗ?"

ಓತಿ ತಲೆ ಆಡಿಸಿದ. ಹೌದು, ಹೌದು, ಹೌದು ಅಂತ ಆಡಿಸಿದ. ಕುತ್ತಿಗೆ ಮುರಿಯುವ ಹಾಗೆ ಆಡಿಸಿದ. ಕಣ್ಣಿಲ್ಲದ ಮರಕ್ಕೆ ಅದೆಲ್ಲಿ ಕಾಣಬೇಕು?

ಕಂಡದ್ದು ಜನಕ್ಕೆ. "ನೋಡ್ರೋ, ಓತಪ್ಪ ಇನ್ನೂ ಹೌದು ಅಂತಾವ್ನೆ! ಹಾಕ್ರೋ ಏಟು!"

"ಓತಿ? ಇದ್ದೀಯಾ ಮಗ?" ಅಂದಳು ಹಿಪ್ಪಜ್ಜಿ.

ಅದೇ ಅವಳ ಕೊನೆಯ ಮಾತು. ಉತ್ತರಕ್ಕೆ ಎಷ್ಟು ಕಾಯಬಹುದೋ ಅಷ್ಟು ಕಾದಳು. ಆಮೇಲೆ ತನಗೆ ತೋಚಿದ ಕಡೆಗೆ, ಪಡುವಣಕ್ಕೆ ಮರಿಗಳಿರಬೇಕು ಅಂದುಕೊಂಡು, ಮೂಡಣಕ್ಕೆ ಬಿದ್ದಳು.

ಹಾಲಕ್ಕಿಗೆ ರೆಕ್ಕೆ ಇತ್ತು, ಕೊನೆಯ ಗಳಿಗೆಯಲ್ಲಿ ಹಾರಿತು. ಮರಿಗಳಿಗೆ ಇರಲಿಲ್ಲ.

ದೂಳು ಇಳಿದ ಮೇಲೆ ಮಾದವ್ವ ಕೊಂಬೆಗಳ ನಡುವೆ ಬಗ್ಗಿ ಏನೋ ಎತ್ತಿಕೊಂಡಳು. ಸೆರಗಿನಲ್ಲಿ ಹಿಡಿದು ಗೂಟದ ಮುಂದೆ ಬಂದಳು. ಎರಡು. ಓತಿ ಹೇಳುತ್ತಿದ್ದಷ್ಟೇ, ಸರಿಯಾಗಿ ಎರಡು.

"ಬೇಲೀನೇ ಎದ್ದು ಹೊಲ ಮೇಯ್ತಲ್ಲೋ," ಅಂದಳು ಮುದುಕಿ. ಬಯ್ಯುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಕಾವಲಿದ್ದೋನೇ ಹಿಂಗಂದ್ರೆ ಇನ್ನು ನಾನು ಯಾರನ್ನ ಕೇಳಲಿ?"

ಅಂದಿನಿಂದ ಅವಳು ಯಾವ ಮರವನ್ನೂ ಕೇಳಲಿಲ್ಲ. ಕೇಳುವುದನ್ನು ಅವಳ ಸೊಸೆ ಕಲಿಯಲಿಲ್ಲ, ಸೊಸೆಯ ಮಗಳಿಗೆ ಅಂಥದೊಂದು ಕಟ್ಟಳೆ ಇತ್ತೆಂದೇ ಗೊತ್ತಾಗಲಿಲ್ಲ. ಮರ ಕಡಿಯುವ ಮುಂಚೆ ಈಗ ಯಾರೂ ಮೂರು ಸಲ ಕೂಗುವುದಿಲ್ಲ.

ಆ ಸಂಜೆ ತೋಪಿನವರೆಲ್ಲ ಗೂಟದ ಸುತ್ತ ಬಂದರು. ಹಿಪ್ಪಜ್ಜಿಯ ಮೋಟಿನಿಂದ ಹಾಲು ಇನ್ನೂ ಒಸರುತ್ತಿತ್ತು. ಮೊದಲು ಮಾತಾಡಿದವಳು ಅಳಿಲಮ್ಮ. ಅವಳ ದನಿಯಲ್ಲಿ ನಗು ಇರಲಿಲ್ಲ.

"ಖಾಲಿ ಮರ ಅಂದೆಯಂತೆ. ಹೌದಾ?"

ಓತಿ ಇಲ್ಲ ಅನ್ನಲು ಹೊರಟ. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಬರೀ ತಲೆ ಆಡಿಸಿದೆ, ಆಮೇಲೆ ಮೂಡಣ ಅನ್ನುವುದಕ್ಕೂ ನೋಡಿದೆ ಅನ್ನಬೇಕೆಂದುಕೊಂಡ. ಕುತ್ತಿಗೆ ಮೇಲೆ ಕೆಳಗೆ ಆಡಿತು.

"ನಿನ್ನ ಪರವಾಗಿ ಸಾಕ್ಷಿ ಹೇಳೋರು ಯಾರಾದ್ರೂ ಇದ್ದಾರಾ?" ಕೇಳಿತು ಗಿಳಿ. ಅಷ್ಟು ಕಾಲ ಎಲ್ಲರಿಗೂ ಸಾಕ್ಷಿಯಾದವನಿಗೆ ಒಬ್ಬ ಸಾಕ್ಷಿ ಬೇಕಾಯಿತು.

ಓತಿ ಸುತ್ತ ನೋಡಿದ. ಗಾಳಿ ಬೇರೆ ಕಡೆ ತಿರುಗಿತು. ಬಸವ ಕಣ್ಣು ಮುಚ್ಚಿ ನಿಂತಿತ್ತು. ಕೊನೆಗೆ ಓತಿ ತನ್ನ ಕಾಲ ಕೆಳಗಿನ ಗೂಟವನ್ನು ಅಪ್ಪಿ ಹಿಡಿದ. ಹಿಪ್ಪಜ್ಜಿಯ ಕೊಂಬೆಯದೇ ಗೂಟ ಅದು. ಎಲ್ಲ ಕಂಡಿತ್ತು, ಎಲ್ಲ ಕೇಳಿತ್ತು. ಆದರೆ ಒಣ ಕಟ್ಟಿಗೆ ಏನು ಹೇಳೀತು? ಇವತ್ತಿಗೂ ಕಳ್ಳನಿಗೆ ಅವನಂಥವನೇ ಒಬ್ಬ ಬೆಂಬಲಕ್ಕೆ ನಿಂತರೆ ಜನ ಅನ್ನುತ್ತಾರಲ್ಲ, ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತ, ಅದು ಅಂದಿನ ಮಾತು.

ಹಾಲಕ್ಕಿ ಮಾತ್ರ ಬಯ್ಯಲಿಲ್ಲ. ಗೂಟದ ಎದುರಿನ ಕಲ್ಲಿನ ಮೇಲೆ ಕೂತು, ಗುಂಡು ಕಣ್ಣು ಬಿಟ್ಟು, ಅವನನ್ನೇ ನೋಡಿತು. ನೋಡುತ್ತಲೇ ಇತ್ತು. ಆ ನೋಟಕ್ಕೆ ಓತಿಯ ಎಳೆ ಎಲೆಯ ಬಣ್ಣ ಬಾಡಿತು. ಮೊದಲು ಗಂಟಲು ಕೆಂಪಾಯಿತು, ಆಮೇಲೆ ಕೆನ್ನೆ, ಆಮೇಲೆ ಹೆಗಲಿನವರೆಗೂ ಕೆಂಪಾಯಿತು. ನಾಚಿಕೆಯ ಕೆಂಪು ಅದು. ತೊಳೆದರೂ ಹೋಗಲಿಲ್ಲ.

ಗುಡ್ಡದ ಹಿಂದೆ ಕತ್ತಲೆ ಬಂದು ನಿಂತಿತ್ತು. ಎಲ್ಲರೂ ಇದ್ದಾರಾ ಅಂತ ಕೇಳುವವಳಿಲ್ಲ. ಇದ್ದಾರೆ ಅನ್ನುವವನಿಲ್ಲ. ಕಾದೂ ಕಾದೂ ಸಾಕಾಗಿ ಕತ್ತಲೆ ತಾನೇ ಇಳಿದು ಬಂತು. ಅಲ್ಲಿಂದೀಚೆಗೆ ಅದು ಯಾರನ್ನೂ ಕೇಳಿ ಬರುವುದಿಲ್ಲ.

ಗೂಳಯ್ಯನ ಮನೆಗೆ ತೊಲೆ ಏರಿತು. ಗೃಹಪ್ರವೇಶದ ಮಾರನೇ ದಿನ ಅವನು ಓತಿಯ ಗೂಟದ ಮೇಲೆ ಒದ್ದೆ ಪಂಚೆ ಒಣಗಹಾಕಿದ. ಅಟ್ಟ ಹತ್ತಿದ ಮೇಲೆ ಏಣಿ ಒದೆಯುವ ಜಾತಿ ಅವನದು. ಹೂ ಇಟ್ಟವಳ ಮಕ್ಕಳು ಓತಿಗೆ ಕಲ್ಲು ಹೊಡೆದು ಆಟ ಆಡಿದರು. ಓತಿ ಮರಕ್ಕೆ ವಾಪಸು ಹೋಗೋಣವೆಂದರೆ ಯಾವ ಮರವೂ ಕರೆಯಲಿಲ್ಲ. ಗೂಟವೇ ಗತಿಯಾಯಿತು.

ತೊಲೆಯ ಮನೆ ನೋಡಿ ಹತ್ತು ಜನಕ್ಕೆ ತೊಲೆ ಬೇಕಾಯಿತು. ಹುಣಸೆ ಹೋಯಿತು, ನೇರಳೆ ಹೋಯಿತು. ಹಟ್ಟಿ ಊರಾಯಿತು, ಊರು ಬಡಾವಣೆಯಾಯಿತು. ಯಾವ ಮರ ಎಲ್ಲಿತ್ತು, ಯಾರ ಮನೆ ಯಾವ ಪೊಟರೆಯಲ್ಲಿತ್ತು, ಎಲ್ಲ ತಿಳಿದವನು ಒಬ್ಬನೇ, ಅವನಿಗೆ ಬಾಯಿಲ್ಲ. ನಿಮ್ಮ ಬೀದಿಯ ಮೂಲೆಯಲ್ಲಿ ಹಸಿರು ಬೋರ್ಡಿನ ಮೇಲೆ ಹಿಪ್ಪೆತೋಪು ಬಡಾವಣೆ ಅಂತ ಬರೆದಿದೆಯಲ್ಲ, ಇಡೀ ಬಡಾವಣೆ ಹುಡುಕು, ಒಂದು ಹಿಪ್ಪೆ ಎಲೆ ಸಿಕ್ಕರೆ ನನಗೆ ತಂದು ತೋರಿಸು. ವರ್ಷಕ್ಕೊಮ್ಮೆ ಸಂಘದವರು ಪಾರ್ಕಿನಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನೆಡಲಿ, ಒಳ್ಳೆಯದೇ. ಯಾವ ಮರದ ಜಾಗದಲ್ಲಿ ನೆಡುತ್ತಿದ್ದೇವೆ ಅಂತ ಅವರಿಗೂ ಗೊತ್ತಿಲ್ಲ, ಹೇಳುವವರೂ ಇಲ್ಲ.

ಆ ಕಲ್ಲು ಕೆಳಗಿಡು ಮಗು. ಅವನಿಗೆ ಹೊಡೆದು ಈಗ ಏನೂ ಆಗಬೇಕಾಗಿಲ್ಲ. ಬೇಸಿಗೆ ಬಂದು ಹಿಪ್ಪೆ ಹೂ ಬೀಳಬೇಕಾದ ಹೊತ್ತು ದಾಟುತ್ತಿದ್ದ ಹಾಗೆ ನಮ್ಮ ಕಾಂಪೌಂಡಿನ ಕಲ್ಲುಕಂಬದ ಮೇಲೆ ಕೆಂಪು ಮುಖ ಹೊತ್ತು ಓತಿಕ್ಯಾತ ಕೂತಿರುತ್ತಾನೆ ನೋಡು, ಅವನನ್ನು ಇಲ್ಲಿ ಯಾರೂ ಇರಲಿಲ್ಲ ತಾನೆ ಅಂತ ಕೇಳಿದರೂ ತಲೆ ಆಡಿಸುತ್ತಾನೆ, ಇಲ್ಲಿ ಎಲ್ಲರೂ ಇದ್ದರು ತಾನೆ ಅಂತ ಕೇಳಿದರೂ ತಲೆ ಆಡಿಸುತ್ತಾನೆ.